ಬಿಳಿ ಇಲಿಯ ಕಂಬಳಿಕೊಪ್ಪೆ

ನಮ್ಮ ಮಲೆನಾಡಿನ ಕಡೆ ಇಲಿ ಸಾಕುವುದು ಎಂದರೆ ಸೋಮಾರಿ ಸಂಸಾರವನ್ನು ಹಂಗಿಸುವ ಮಾತು. ಭತ್ತದ ಮೂಟೆ ತೂತಾಗಿದ್ದರೆ, ಅಟ್ಟದ ಮೂಲೆಯಲ್ಲಿ ಹಿಕ್ಕೆ ಕಂಡರೆ ನನ್ನ ಅಜ್ಜಿ ಸೊಸೆಯಂದಿರನ್ನು ಸಾಲಾಗಿ ನಿಲ್ಲಿಸಿಕೊಂಡು, 'ಏನ್ರೇ, ಬೆಕ್ಕು ಬಿಟ್ಟು ಇಲಿ ಸಾಕಿದ್ದೀರೇನ್ರೇ?' ಎಂದು ಕೇಳುತ್ತಿದ್ದಳು. ಚೌತಿಯ ದಿನ ಗಣಪತಿಯ ಕಾಲ ಬಳಿ ಕೂತ ಇಲಿಗೂ ಸೇರಿಸಿ ಕೈ ಮುಗಿದವರೇ ಮರುದಿನ ಬೋನಿನ ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದರು. ಅಂಥ ಮನೆಯಿಂದ ಬಂದ ನಾನು ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಇಪ್ಪತ್ತೆಂಟು ವರ್ಷ ಬಿಳಿ ಇಲಿಗಳ ಜೊತೆಗೇ ಕಳೆದೆನೆಂದರೆ ಅಜ್ಜಿಗೆ ಸಮಾಧಾನವಾಗುತ್ತಿರಲಿಲ್ಲ.

ಒಂದು ವರ್ಷ ಪ್ರಾಕ್ಟಿಕಲ್ ತರಗತಿಯಲ್ಲಿ ಒಬ್ಬ ಹುಡುಗ ಬಿಳಿ ಇಲಿಯನ್ನು ಅಂಗೈ ಮೇಲೆ ಇಟ್ಟುಕೊಂಡು, 'ಸಾರ್, ನಮ್ಮನೆ ಅಟ್ಟದ ಮೇಲಿನವು ಹಿಡಿಯಕ್ಕೆ ಹೋದ್ರೆ ಕಿತ್ತು ತಿಂತಾವೆ. ಇದು ಯಾಕೆ ಕಚ್ಚಲ್ಲ?' ಎಂದು ಕೇಳಿದ. ಅಟ್ಟದ ಇಲಿಯ ಜಾತಿಯೇ ಬೇರೆ, ಇದರದು ಬೇರೆ ಎಂದು ಹೇಳಿ ಮುಗಿಸಬಹುದಿತ್ತು. ಅದು ನಿಜವೂ ಹೌದು. ನಮ್ಮ ಮಾಡಿನ ಜಂತೆಯ ಮೇಲೆ ಓಡಾಡುವುದು ಹೆಚ್ಚಾಗಿ ರಾಟಸ್ ರಾಟಸ್. ಪ್ರಯೋಗಶಾಲೆಯ ಬಿಳಿ ಇಲಿ ಚರಂಡಿಯಲ್ಲಿ ವಾಸಿಸುವ ದಪ್ಪ ಮೂತಿಯ ಕಂದು ಇಲಿಯ, ಅಂದರೆ ರಾಟಸ್ ನಾರ್ವೆಜಿಕಸ್‌ನ ಸಂತತಿ. ಆದರೆ ಚರಂಡಿಯ ಕಂದು ಇಲಿಯೂ ಕಚ್ಚುತ್ತದಲ್ಲ! ಅದೇ ರಕ್ತದ ಇದು ಅಂಗೈ ಮೇಲೆ ಕೂತು ಮೀಸೆ ತೀಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಉತ್ತರಕ್ಕೆ ಇನ್ನೂರೈವತ್ತು ವರ್ಷದ ಚರಿತ್ರೆ ಬೇಕು.

ಆ ಚರಿತ್ರೆಯನ್ನು ಓದುತ್ತಾ ಹೋದ ಹಾಗೆ ನನಗೆ ಒಂದು ಸಂಗತಿ ಗಟ್ಟಿಯಾಗುತ್ತಾ ಬಂತು. ಇಲಿಮರಿ ಹುಟ್ಟಿದಾಗ ಬೆತ್ತಲೆ, ಕೆಂಪಗೆ ಬೆರಳಿನ ಗೆಣ್ಣಿನಷ್ಟಿರುತ್ತದೆ. ನಾಲ್ಕೈದು ದಿನಕ್ಕೆ ಚರ್ಮದ ಅಡಿಯಲ್ಲಿ ಬಣ್ಣದ ನೆರಳು ಮೂಡುತ್ತದೆ, ಹತ್ತು ದಿನಕ್ಕೆ ರೋಮ ತುಂಬಿ ಬಣ್ಣ ಯಾವುದೆಂದು ಖಚಿತವಾಗುತ್ತದೆ. ಅದರ ಸ್ವಭಾವ ಎಂಥದೆಂದು ತಿಳಿಯಬೇಕಾದರೆ ಎರಡು ಮೂರು ತಿಂಗಳು ಕಾಯಬೇಕು. ಆರೋಗ್ಯ ಎಂಥದು? ಅದು ತಿಳಿಯುವುದು ಇಲಿ ಮುದಿಯಾದ ಮೇಲೆ, ಎಂದರೆ ಎರಡು ವರ್ಷದ ಹೊತ್ತಿಗೆ. ಇಲಿಯಾದರೋ ಐದಾರು ವಾರಕ್ಕೇ ಪ್ರಾಯಕ್ಕೆ ಬಂದು, ಗರ್ಭ ಕಟ್ಟಿದ ಮೂರು ವಾರಕ್ಕೆ ಹತ್ತು ಮರಿ ಹಾಕುವ ಪ್ರಾಣಿ. ಹೀಗಾಗಿ ಯಾರು ಇಲಿ ಸಾಕಿದರೂ ಮೊದಲು ಕಣ್ಣಿಗೆ ಬೀಳುವ ಬಣ್ಣವನ್ನೇ ಆರಿಸಿದರು. ಗುಣ ಅದರ ಹಿಂದೆ ಬಂತು. ಆರೋಗ್ಯದ ಸರದಿ ತೀರ ತಡವಾಗಿ ಬಂತು. ಸುಳಿ ನೋಡಿ ಹೋರಿ ಕೊಳ್ಳುವ ನಮ್ಮ ಜಾತ್ರೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆ ಶುರುವಾಗುವುದು ಜಪಾನಿನಲ್ಲಿ. 1775ರಲ್ಲಿ ಒಸಾಕಾ ನಗರದಲ್ಲಿ 'ಯೋಸೊ ತಮಾ ನೊ ಕಕೆಹಾಶಿ' ಎಂಬ ಪುಸ್ತಕ ಅಚ್ಚಾಯಿತು. ಅದು ಇಲಿ ಸಾಕುವವರಿಗೆ ಬರೆದ ಕೈಪಿಡಿ. ಬಿಳಿಯವು, ಮಚ್ಚೆಯವು ಎಂದು ಬಗೆಬಗೆಯ ಇಲಿಗಳ ವಿವರ ಚಿತ್ರಸಮೇತ ಅದರಲ್ಲಿದೆ. ಹನ್ನೆರಡು ವರ್ಷದ ನಂತರ, 1787ರಲ್ಲಿ, ಕ್ಯೋಟೋದಿಂದ ಇನ್ನೊಂದು ಪುಸ್ತಕ ಬಂತು: 'ಚಿಂಗನ್ ಸೊದಟೆಗುಸ'. ಯಾವ ಬಣ್ಣಕ್ಕೆ ಯಾವ ಬಣ್ಣ ಕೂಡಿಸಿದರೆ ಎಂಥ ಮರಿ ಬರುತ್ತದೆಂದು ಅದು ಹೇಳುತ್ತದೆ. ಮೆಂಡೆಲ್ ಹುಟ್ಟಿದ್ದೇ 1822ರಲ್ಲಿ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಎರಡನೆಯ ಪುಸ್ತಕ ಚಿಟ್ಟಿಲಿಗಳ ಮೇಲಿನದು ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಜಪಾನಿಯಲ್ಲಿ 'ನೆಜುಮಿ' ಎಂದರೆ ದೊಡ್ಡ ಇಲಿಯೂ ಹೌದು, ಚಿಟ್ಟಿಲಿಯೂ ಹೌದು. ನಮ್ಮ 'ಇಲಿ' ಇದ್ದ ಹಾಗೆ.

ಜಪಾನಿನವರಿಗೆ ಇಲಿಯ ಮೇಲೆ ಯಾಕೆ ಇಷ್ಟು ಅಕ್ಕರೆ ಎಂದರೆ ಅಲ್ಲಿನ ಸಂಪತ್ತಿನ ದೇವರಾದ ದೈಕೊಕು ಅಕ್ಕಿ ಮೂಟೆಗಳ ಮೇಲೆ ನಿಲ್ಲುವವನು, ಬಿಳಿ ಇಲಿ ಅವನ ದೂತ. ಈ ದೈಕೊಕು ಮೂಲದಲ್ಲಿ ನಮ್ಮ ಮಹಾಕಾಲನೇ. ಬೌದ್ಧರ ಜೊತೆ ಚೀನಾ ದಾಟಿ ಹೋಗಿ, ಉಗ್ರರೂಪ ಕಳಚಿ, ಹೊಟ್ಟೆ ಬೆಳೆಸಿಕೊಂಡು ನಗುತ್ತಾ ನಿಂತಿದ್ದಾನೆ. ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಅಕ್ಕಿ ಎಂಬ ಲೆಕ್ಕ. ನನ್ನ ಅಜ್ಜಿಯ ಲೆಕ್ಕಕ್ಕೆ ಇದು ನೇರ ವಿರುದ್ಧ. ರಾಜಸ್ಥಾನದ ದೇಶ್ನೋಕ್‌ನ ಕರಣಿಮಾತಾ ಗುಡಿಯಲ್ಲೂ ಸಾವಿರಾರು ಇಲಿಗಳ ನಡುವೆ ಬಿಳಿಯದು ಕಂಡರೆ ಶುಭವೆನ್ನುತ್ತಾರೆ. ಅಲ್ಲಿ ಯಾರೂ ತಳಿ ಆರಿಸಲು ಕೂರಲಿಲ್ಲ, ಅಷ್ಟೆ.

ಲಂಡನ್ನಿನ ಕಥೆ ಇಷ್ಟು ಮಂಗಳಕರವಲ್ಲ. ಅಲ್ಲಿ 1835ರ ಕಾನೂನು ಗೂಳಿ ಕಾಳಗ, ಕರಡಿ ಕಾಳಗಗಳನ್ನು ನಿಲ್ಲಿಸಿತು. ಇಲಿಯ ಪರವಾಗಿ ಯಾರೂ ಬಾಯಿ ತೆರೆಯಲಿಲ್ಲ. ಹೆಂಡದಂಗಡಿಯ ಒಳಗೆ ಮರದ ಗೋಡೆಯ ಕಣ ಕಟ್ಟಿ, ಅದರೊಳಗೆ ನೂರಾರು ಇಲಿ ಸುರಿದು, ಟೆರಿಯರ್ ನಾಯಿ ಬಿಟ್ಟು, ಎಷ್ಟು ನಿಮಿಷಕ್ಕೆ ಎಷ್ಟು ಕೊಲ್ಲುತ್ತದೆಂದು ಬಾಜಿ ಕಟ್ಟುತ್ತಿದ್ದರು. ಈ ಕಣಗಳಿಗೆ ಇಲಿ ಹಿಡಿದು ತರುವುದೇ ಒಂದು ಕಸುಬಾಗಿತ್ತು. ಮೂಟೆಯ ಕಂದು ಇಲಿಗಳ ನಡುವೆ ಅಪರೂಪಕ್ಕೆ ಒಂದು ಬಿಳಿಯದೋ ಮಚ್ಚೆಯದೋ ಸಿಕ್ಕಿದರೆ ಅದನ್ನು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಕರುಣೆಯಿಂದಲ್ಲ, ಅದಕ್ಕೆ ಬೇರೆ ಬೆಲೆ ಸಿಗುತ್ತಿತ್ತು. ಕಾಡಿನಲ್ಲಿ ಗೂಬೆಯ ಕಣ್ಣಿಗೆ ಮೊದಲು ಬೀಳುವ ಬಿಳಿಯ ಬಣ್ಣ ಈ ಕಣದ ಬಾಗಿಲಲ್ಲಿ ಜೀವ ಉಳಿಸಿತು.

ಇಂಥ ಇಲಿ ಹಿಡಿಯುವವರಲ್ಲಿ ಜಾಕ್ ಬ್ಲ್ಯಾಕ್ ಎಂಬವನನ್ನು ಹೆನ್ರಿ ಮೇಹ್ಯೂ ಲಂಡನ್ನಿನ ಬಡವರ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಮಾತನಾಡಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಮಾತು. ಬ್ಲ್ಯಾಕ್ ತನ್ನನ್ನು ವಿಕ್ಟೋರಿಯಾ ರಾಣಿಯವರ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ. ಕೆಂಪು ವೇಸ್ಟ್‌ಕೋಟು, ಎದೆಗೆ ಅಡ್ಡವಾಗಿ ಚರ್ಮದ ಪಟ್ಟಿ, ಪಟ್ಟಿಯ ಮೇಲೆ ಲೋಹದಲ್ಲಿ ಎರಕ ಹೊಯ್ದ ಇಲಿಗಳು: ಇದು ಅವನ ವೇಷ. ಆ ಲೋಹ ಹೆಂಡತಿಯ ಅಡಿಗೆ ಪಾತ್ರೆಯದಂತೆ. ಬರಿಗೈಯಲ್ಲಿ ಪಂಜರದೊಳಗಿನ ಇಲಿಗಳನ್ನು ಬಾಚಿ ಎತ್ತುತ್ತಿದ್ದ. ಕಚ್ಚಿಸಿಕೊಂಡು ಸಾಯುವ ಸ್ಥಿತಿಗೂ ಹೋಗಿದ್ದ. ಅಂಥವನು ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ಬಿಳಿ ಇಲಿ ಹಿಡಿದು, ಅದನ್ನು ಬೇರೆ ಬಣ್ಣದವುಗಳ ಜೊತೆ ಕೂಡಿಸಿ ತಳಿ ಮಾಡಿದ. ಕಪ್ಪು-ಬಿಳುಪು, ಕಂದು-ಬಿಳುಪು, ನೀಲಿಗಪ್ಪು ಎಂದು ಸಾವಿರದ ನೂರಕ್ಕೂ ಹೆಚ್ಚು ಬಣ್ಣದ ಇಲಿಗಳು ತನ್ನಲ್ಲಿದ್ದವೆಂದು ಅವನೇ ಹೇಳಿದ್ದಾನೆ. ಮುನ್ನೂರು ಫ್ರಾನ್ಸಿಗೆ ಹೋದವಂತೆ. ಅಳಿಲಿನ ಪಂಜರದಲ್ಲಿಟ್ಟುಕೊಳ್ಳಲು ಹೆಂಗಸರು ಕೊಳ್ಳುತ್ತಿದ್ದರು. ಮೊದಮೊದಲು ಒಂದಕ್ಕೆ ಐದರಿಂದ ಹತ್ತು ಷಿಲ್ಲಿಂಗ್ ಸಿಗುತ್ತಿದ್ದದ್ದು ಕೊನೆಗೆ ಎರಡೂವರೆಗೆ ಇಳಿಯಿತು ಎಂಬ ಕೊರಗೂ ಅವನ ಮಾತಿನಲ್ಲಿದೆ.

ಇಲಿ ಹಿಡಿಯುವವರ ಬಾಯಿ ದೊಡ್ಡದು, ಅಂಕಿಗಳನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು. ಆದರೆ ಒಂದು ವಿಷಯ ಅವನು ಹೇಳದೆಯೂ ಹೊಳೆಯುತ್ತದೆ. ಅವನು ಆರಿಸಿದ್ದು ಬಣ್ಣವನ್ನೇ ಇರಬಹುದು. ಆದರೆ ಪಂಜರದೊಳಗೆ ಕೈ ಹಾಕಿದ ಗಿರಾಕಿಯ ಬೆರಳು ಕಚ್ಚುವ ಇಲಿ ಎರಡನೆಯ ಸಲ ಮಾರಾಟವಾಗುವುದಿಲ್ಲ. ಯಾರೂ ಬರೆದಿಡದೆ, ಯಾರೂ ಲೆಕ್ಕ ಹಾಕದೆ, ವ್ಯಾಪಾರವೇ ಸಾಧುಗುಣವನ್ನು ಆರಿಸುತ್ತಾ ಬಂತು. ನನ್ನ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಇಲಿಗೆ ಮರ್ಯಾದೆ ಬಂದದ್ದು 1901ರಲ್ಲಿ. ಇಂಗ್ಲೆಂಡಿನಲ್ಲಿ ಚಿಟ್ಟಿಲಿ ಸಾಕುವವರ ರಾಷ್ಟ್ರೀಯ ಕ್ಲಬ್ಬೊಂದು 1895ರಿಂದಲೇ ಇತ್ತು. ಮೇರಿ ಡಗ್ಲಸ್ ಎಂಬಾಕೆ ಆ ಕ್ಲಬ್ಬಿಗೆ ಕಾಗದ ಬರೆದು, ದೊಡ್ಡ ಇಲಿಗಳನ್ನೂ ಸೇರಿಸಿಕೊಳ್ಳಿ ಎಂದು ಕೇಳಿದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಏಲ್ಸ್‌ಬರಿಯಲ್ಲಿ ನಡೆದ ಪ್ರದರ್ಶನಕ್ಕೆ ಇಲಿಗಳು ಬಂದವು. ಎಲ್ಲಕ್ಕಿಂತ ಉತ್ತಮ ಎಂಬ ಬಹುಮಾನ ಪಡೆದದ್ದು ಆಕೆಯದೇ ಕಪ್ಪು-ಬಿಳುಪಿನ ಇಲಿ. 1908ರಲ್ಲಿ ಬಿಯಾಟ್ರಿಕ್ಸ್ ಪಾಟರ್ ತನ್ನದೊಂದು ಮಕ್ಕಳ ಪುಸ್ತಕವನ್ನು ಸತ್ತುಹೋದ ತನ್ನ ಸಾಕಿದ ಇಲಿಗೆ ಅರ್ಪಿಸಿದಳು. 1912ರಲ್ಲಿ ಕ್ಲಬ್ಬಿನ ಹೆಸರಿಗೇ ಇಲಿ ಸೇರಿತು. 1921ರಲ್ಲಿ ಮೇರಿ ಡಗ್ಲಸ್ ತೀರಿಕೊಂಡಳು. ಹತ್ತು ವರ್ಷದೊಳಗೆ ಕ್ಲಬ್ಬು ಇಲಿಯ ಹೆಸರನ್ನು ಕೈಬಿಟ್ಟಿತ್ತು. ಒಬ್ಬರ ಉತ್ಸಾಹದ ಮೇಲೆ ನಿಂತ ಸಂಘಗಳ ಗತಿ ನಮ್ಮೂರಲ್ಲೂ ಇದೇ. 1976ರಲ್ಲಿ ಇಂಗ್ಲೆಂಡಿನಲ್ಲಿ ಇಲಿಗೇ ಮೀಸಲಾದ ರಾಷ್ಟ್ರೀಯ ಸಂಘ ಕಟ್ಟುವವರೆಗೆ ಹವ್ಯಾಸಿಗಳ ಕಥೆ ಮಸುಕು ಮಸುಕು.

ಆ ನಡುವೆ ಇಲಿ ವಿಜ್ಞಾನಿಗಳ ಕೈಗೆ ಹೋಗಿತ್ತು. ಜರ್ಮನಿಯಲ್ಲಿ ಕ್ರಾಂಪೆ ಎಂಬವನು 1877ರಿಂದ 1885ರವರೆಗೆ ಬಣ್ಣದ ಇಲಿಗಳನ್ನು ಕೂಡಿಸಿ ಲೆಕ್ಕ ಬರೆದಿಟ್ಟ. ಮೆಂಡೆಲ್‌ನ ನಿಯಮ ಅವನಿಗೆ ಗೊತ್ತಿರಲಿಲ್ಲ. 1903ರಲ್ಲಿ ಬೇಟ್ಸನ್ ಆ ಹಳೆಯ ಲೆಕ್ಕವನ್ನು ಎತ್ತಿಕೊಂಡು, ಮೆಂಡೆಲ್‌ನ ನಿಯಮ ಇಲಿಗೂ ಸಲ್ಲುತ್ತದೆಂದು ತೋರಿಸಿದ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಯಾಕೆಂದರೆ ನನಗೆ ಬಹಳ ಇಷ್ಟವಾದ ಇಲಿ ಇಲ್ಲಿ ಬರುತ್ತದೆ. ತಲೆ, ಕುತ್ತಿಗೆ, ಹೆಗಲು ಕಪ್ಪು. ಹೆಗಲಿನಿಂದ ಬೆನ್ನುಹುರಿಯ ಗುಂಟ ಬಾಲದ ಬುಡದವರೆಗೆ ಒಂದು ಕಪ್ಪು ಪಟ್ಟೆ. ಉಳಿದ ಮೈಯೆಲ್ಲ ಬಿಳುಪು. ಇಂಗ್ಲಿಷಿನಲ್ಲಿ ಹುಡೆಡ್ ಎನ್ನುತ್ತಾರೆ. ಆಷಾಢದ ಮಳೆಯಲ್ಲಿ ಗದ್ದೆಗೆ ಹೊರಟ ನಮ್ಮ ರೈತ ಕಂಬಳಿಕೊಪ್ಪೆ ಹಾಕಿಕೊಂಡ ಹಾಗೇ ಇರುವುದರಿಂದ ತರಗತಿಯಲ್ಲಿ ಅದನ್ನು 'ಕೊಪ್ಪೆ ಇಲಿ' ಎಂದು ಕರೆಯುತ್ತಿದ್ದೆ. ಪರೀಕ್ಷೆಯಲ್ಲೂ ಕೆಲವರು ಹಾಗೇ ಬರೆದರು. ಅಂಕ ಕೊಟ್ಟೆ.

ಕೊಪ್ಪೆ ಒಂದೇ ಜೀನಿನ ಕೆಲಸ, ಅದೂ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವಂಥದು. ಆದರೆ ಎಲ್ಲ ಇಲಿಯ ಕೊಪ್ಪೆಯೂ ಒಂದೇ ಅಳತೆಯದಲ್ಲ. ಒಂದರದು ಉದ್ದ, ಒಂದರದು ಗಿಡ್ಡ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸಲ್ 1907ರಿಂದ ಒಂದು ಸಾಲಿನಲ್ಲಿ ಪ್ರತಿ ತಲೆಮಾರಿನಲ್ಲೂ ಅಗಲ ಕೊಪ್ಪೆಯವನ್ನೇ, ಇನ್ನೊಂದು ಸಾಲಿನಲ್ಲಿ ಕಿರಿದು ಕೊಪ್ಪೆಯವನ್ನೇ ಆರಿಸುತ್ತಾ ಹೋದ. 1914ರಲ್ಲಿ ಪ್ರಕಟಿಸುವ ಹೊತ್ತಿಗೆ 25,000ಕ್ಕೂ ಹೆಚ್ಚು ಇಲಿಗಳನ್ನು ನೋಡಿಯಾಗಿತ್ತು. ಒಂದು ಸಾಲಿನ ಇಲಿಗಳು ಹೊಟ್ಟೆಯೊಂದು ಬಿಟ್ಟು ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿದ್ದವು. ಇನ್ನೊಂದು ಸಾಲಿನವು ಮೂತಿಯ ಬಳಿ ಚೂರು ಬಣ್ಣ ಉಳಿಸಿಕೊಂಡು ಬೆಳ್ಳಗಾಗಿದ್ದವು. ಆರಿಸುವುದರಿಂದ ಜೀನೇ ಬದಲಾಯಿತು ಎಂದು ಕ್ಯಾಸಲ್ ವಾದಿಸಿದ. ಉಳಿದವರು ಒಪ್ಪಲಿಲ್ಲ. ಅವನ ಶಿಷ್ಯ ಸೀವಲ್ ರೈಟ್ ಬೇರೆ ತಳಿಯ ಜೊತೆ ಮತ್ತೆ ಮತ್ತೆ ಕೂಡಿಸಿ ನೋಡುವ ದಾರಿ ತೋರಿಸಿದ. ಹಾಗೆ ಮಾಡಿದಾಗ ಎರಡು ಸಾಲಿನ ಕೊಪ್ಪೆಗಳೂ ತಮ್ಮ ಹಳೆಯ ಅಳತೆಯ ಕಡೆಗೆ ಮರಳಿದವು. ಕೊಪ್ಪೆಯ ಜೀನು ಇದ್ದಂತೆಯೇ ಇತ್ತು; ಆರಿಸಿದಾಗ ಒಟ್ಟುಗೂಡಿದ್ದು ಅದರ ಸುತ್ತಲಿನ ಸಣ್ಣಪುಟ್ಟ ಜೀನುಗಳು. 1919ರಲ್ಲಿ ಕ್ಯಾಸಲ್ ತನ್ನ ವಾದವನ್ನು ತಾನೇ ಕೈಬಿಟ್ಟ. ಹನ್ನೆರಡು ವರ್ಷದ ದುಡಿಮೆ, ಸಾವಿರಾರು ಇಲಿ, ಕೊನೆಗೆ 'ನನ್ನದು ತಪ್ಪು' ಎಂದು ಅಚ್ಚು ಹಾಕಿಸುವ ಮನಸ್ಸು! ಇಂದು ಹವ್ಯಾಸಿಗಳು ಅಚ್ಚುಕಟ್ಟಾದ ಪಟ್ಟೆಯ ಇಲಿಗಾಗಿ ತಲೆಮಾರುಗಟ್ಟಲೆ ಹೆಣಗುವುದೂ ಈ ಸಣ್ಣಪುಟ್ಟ ಜೀನುಗಳ ಜೊತೆಗೇ.

ಕ್ಯಾಸಲ್ ಕೊಪ್ಪೆ ಅಳೆಯುತ್ತಿದ್ದಾಗ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹೆಲೆನ್ ಡೀನ್ ಕಿಂಗ್ ಎಂಬ ವಿಜ್ಞಾನಿ ಬೇರೆಯದೇ ಪ್ರಶ್ನೆ ಹಿಡಿದಿದ್ದಳು. 1906ರಲ್ಲಿ ಹೆನ್ರಿ ಡೊನಾಲ್ಡ್‌ಸನ್ ಷಿಕಾಗೋದಿಂದ ಅಲ್ಲಿಗೆ ಬಿಳಿ ಇಲಿ ತಂದಿದ್ದ. ಮೂರು ವರ್ಷದ ಇಲಿ ಎಂದರೆ ತೊಂಬತ್ತು ವರ್ಷದ ಮನುಷ್ಯ ಎಂಬುದು ಅವನ ಲೆಕ್ಕ. ಕಿಂಗ್ 1909ರಿಂದ ಅಣ್ಣ ತಂಗಿ ಇಲಿಗಳನ್ನೇ ಕೂಡಿಸುತ್ತಾ ಹೋದಳು. ಮೊದಲ ಕೆಲವು ತಲೆಮಾರುಗಳಲ್ಲಿ ಬಂಜೆತನ, ಕುಳ್ಳು, ಅಂಗವಿಕಾರ ಕಾಣಿಸಿದವು. ರಕ್ತಸಂಬಂಧದ ದೋಷವೆಂದು ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ಆಕೆ ದೋಷವನ್ನು ಆಹಾರದಲ್ಲಿ ಹುಡುಕಿದಳು, ಆಹಾರ ಬದಲಾಯಿಸಿದಳು, ಪ್ರತಿ ತಲೆಮಾರಿನಲ್ಲಿ ಗಟ್ಟಿಮುಟ್ಟಾದವನ್ನೇ ಉಳಿಸಿಕೊಂಡಳು. ಇಪ್ಪತ್ತೈದು ತಲೆಮಾರಿನ ಮೇಲೂ ಇಲಿಗಳು ದಷ್ಟಪುಷ್ಟವಾಗಿಯೇ ಇದ್ದವು. ಬಣ್ಣ ಒಂದೇ, ಬಿಳುಪು. ಹೀಗಾಗಿ ಕಣ್ಣು ಸೆಳೆಯಲು ಬೇರೇನೂ ಇರಲಿಲ್ಲ. ಆರೋಗ್ಯವನ್ನೇ ಗುರಿಯಾಗಿಟ್ಟು ಇಲಿ ಆರಿಸಿದವರಲ್ಲಿ ನಾನು ಮೊದಲ ಮಣೆ ಹಾಕುವುದು ಈಕೆಗೆ.

ಎಲ್ಲರಿಗೂ ಆ ತಾಳ್ಮೆಯಿರಲಿಲ್ಲ. 1925ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ಡಾಲಿ ಒಂದು ದೊಡ್ಡ ಗಾತ್ರದ ಕೊಪ್ಪೆ ಗಂಡಿಲಿಯನ್ನು ಬಿಳಿ ಹೆಣ್ಣಿಗೆ ಕೂಡಿಸಿ ಹೊಸ ತಳಿ ಕಟ್ಟಿದ. ಹೆಂಡತಿಯ ತವರು ಮನೆಯ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟು ಸ್ಪ್ರೇಗ್ ಡಾಲಿ ಎಂದು ಕರೆದ. ಸಾಧು ಇಲಿ, ಚೆನ್ನಾಗಿ ಬೆಳೆಯುವ ಇಲಿ ಎಂದು ಲೋಕವೆಲ್ಲ ಕೊಂಡಿತು. ವಯಸ್ಸಾದ ಹೆಣ್ಣುಗಳ ಕೆಚ್ಚಲ ಸಾಲಿನಲ್ಲಿ ಗಡ್ಡೆ ಬರುವುದು ಈ ತಳಿಯಲ್ಲಿ ಬಹಳ ಸಾಮಾನ್ಯ. ಆ ವಯಸ್ಸಿಗೆ ಬರುವ ಮೊದಲೇ ಅವುಗಳ ಮಕ್ಕಳು, ಮೊಮ್ಮಕ್ಕಳು ಮಾರಾಟವಾಗಿರುತ್ತವೆ. ನಮ್ಮ ದೇಶದಲ್ಲೂ ಇದಕ್ಕೆ ಹೋಲುವ ಒಂದು ಸಂಗತಿಯಿದೆ. ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿ ಬೆಳೆಸಿದ ವಿಸ್ಟಾರ್ ಇಲಿಗಳು ಸಂಸ್ಥೆಯ ಜೊತೆಗೇ 1958ರಲ್ಲಿ ಹೈದರಾಬಾದಿಗೆ ಬಂದವು. ದಶಕಗಟ್ಟಲೆ ಒಂದೇ ಕುಲದೊಳಗೆ ಬೆಳೆದ ಆ ಬಿಳಿ ಇಲಿಗಳ ನಡುವೆ 1996ರಲ್ಲಿ ವಿಪರೀತ ಬೊಜ್ಜಿನ ಒಂದು ಇಲಿ ಕಾಣಿಸಿಕೊಂಡಿತು. ಅದರ ಸಂತತಿಯ ಮೇಲೆ ಅಲ್ಲಿ ಬೊಜ್ಜಿನ ಸಂಶೋಧನೆ ನಡೆಯಿತು.

ನಮ್ಮ ಕಾಲೇಜಿನ ಇಲಿಗಳಲ್ಲಿ ನಾನು ಕಂಡದ್ದು ಕೆಂಪು ಕಣ್ಣೀರು. ಒಂದು ಬೆಳಿಗ್ಗೆ ನಮ್ಮ ಅಟೆಂಡರ್ ಓಡಿ ಬಂದು, 'ಸಾರ್, ಇಲಿ ರಕ್ತ ಅಳ್ತಾ ಇದೆ' ಎಂದ. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿನ ಗ್ರಂಥಿಯೊಂದು ಪಾರ್ಫಿರಿನ್ ಎಂಬ ಕೆಂಪು ದ್ರವ್ಯ ಸ್ರವಿಸುತ್ತದೆ. ಇಲಿ ದಣಿದಾಗ, ಕಾಯಿಲೆ ಬಿದ್ದಾಗ ಅದು ಕಣ್ಣು ಮೂಗಿನ ಸುತ್ತ ಹೆಪ್ಪುಗಟ್ಟುತ್ತದೆ. ಕಿವಿಗೊಟ್ಟು ಕೇಳಿದರೆ ಉಸಿರಿನಲ್ಲಿ ಗೊರಗೊರ. ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಜೀವಿ ಇಲಿಯ ಶ್ವಾಸಕೋಶದಲ್ಲಿ ಮನೆ ಮಾಡಿಕೊಂಡು, ತಾಯಿಯಿಂದ ಮರಿಗೆ ದಾಟುತ್ತಾ ಹೋಗುತ್ತದೆ. ದೊಡ್ಡ ಪ್ರಯೋಗಾಲಯಗಳು ಹೊಟ್ಟೆ ಕೊಯ್ದು ಮರಿ ತೆಗೆದು, ಶುದ್ಧ ವಾತಾವರಣದಲ್ಲಿ ಸಾಕಿ ಅದನ್ನು ತೊಲಗಿಸಿದವು. ಮನೆಯಲ್ಲಿ ಸಾಕುವವರಿಗೆ ಆ ದಾರಿಯಿಲ್ಲ. ಸೋಂಕಿದ್ದೂ ಎರಡೂವರೆ ವರ್ಷ ಗೊರಗೊರವಿಲ್ಲದೆ ಬದುಕಿದ ಕುಲವನ್ನು ಹುಡುಕುವುದೊಂದೇ ಅವರಿಗೆ ಉಳಿದದ್ದು.

ಇನ್ನು ಬಿಳಿ ಇಲಿಯ ಗುಟ್ಟು. 2012ರಲ್ಲಿ ಜಪಾನಿನ ವಿಜ್ಞಾನಿಗಳು 172 ಪ್ರಯೋಗಾಲಯ ತಳಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 117 ಬಿಳಿಯ ತಳಿಗಳು. ಆ ಎಲ್ಲದರಲ್ಲೂ ಬಿಳುಪಿಗೆ ಕಾರಣ ಒಂದೇ ಜೀನಿನ ಒಂದೇ ಲೋಪ. ಎಂದರೆ ಜಗತ್ತಿನ ಪ್ರಯೋಗಾಲಯಗಳ ಬಿಳಿ ಇಲಿಗಳೆಲ್ಲ ಒಂದೇ ಮೂಲಪುರುಷನ ಸಂತಾನ. ಅಷ್ಟೇ ಅಲ್ಲ, ಬಿಳಿ ಇಲಿಗಳು ತಮ್ಮೊಳಗೆ ಕೊಪ್ಪೆಯ ಜೀನನ್ನೂ ಹೊತ್ತಿದ್ದವು. ಎಂದೋ ಸೇರಿಕೊಂಡ ಒಂದು ವೈರಸ್ಸಿನ ತುಣುಕು ಕಿಟ್ ಎಂಬ ಜೀನಿನ ನಡುವೆ ಕೂತದ್ದೇ ಕೊಪ್ಪೆಗೆ ಕಾರಣವೆಂದೂ ಅವರು ಕಂಡುಕೊಂಡರು. ಹಾಗಾದರೆ ಮೊದಲ ಬಿಳಿ ಇಲಿ ಹುಟ್ಟಿದ್ದು ಕಾಡು ಇಲಿಗಳ ನಡುವೆ ಅಲ್ಲ, ಯಾರದೋ ಮನೆಯಲ್ಲಿ ಸಾಕಿದ ಕೊಪ್ಪೆ ಇಲಿಗಳ ಗೂಡಿನಲ್ಲಿ ಎಂದು ನನಗೆ ತೋರುತ್ತದೆ. ಇಪ್ಪತ್ತೆಂಟು ವರ್ಷ ನಾನು ಕೈಯಲ್ಲಿ ಹಿಡಿದ ಪ್ರತಿ ಬಿಳಿ ಇಲಿಯೂ ಕಾಣದ ಕಂಬಳಿಯೊಂದನ್ನು ಹೊದ್ದುಕೊಂಡಿತ್ತು!

ಗುಣದ ಮಾತಿಗೆ ಬರೋಣ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಬೆಲ್ಯಾಯೆವ್ ನರಿಗಳನ್ನು ಸಾಧುಗೊಳಿಸಿದ ಕಥೆ ಪ್ರಸಿದ್ಧ. ಅವನೇ 1972ರಲ್ಲಿ ಕಾಡಿನ ಕಂದು ಇಲಿಗಳನ್ನು ಹಿಡಿಸಿ ಇಲಿಗಳ ಮೇಲೂ ಅದನ್ನೇ ಆರಂಭಿಸಿದ. ಪರೀಕ್ಷೆ ಸರಳ: ಕೈಗವಸು ತೊಟ್ಟು ಪಂಜರದೊಳಗೆ ಕೈ ಇಡುವುದು. ಹತ್ತಿರ ಬರುವವು ಒಂದು ಸಾಲು, ಎಗರಿ ಕಚ್ಚುವವು ಇನ್ನೊಂದು ಸಾಲು. ತಲೆಮಾರುಗಳು ಕಳೆದಂತೆ ಒಂದು ಸಾಲು ಹೆಗಲೇರುವಷ್ಟು ಸಾಧುವಾಯಿತು, ಇನ್ನೊಂದು ಕೈ ಕಂಡರೆ ಕಿರುಚಿ ಹಾರುವಷ್ಟು ಉಗ್ರವಾಯಿತು. ಬಣ್ಣವನ್ನು ಯಾರೂ ಆರಿಸಿರಲಿಲ್ಲ; ಆದರೂ ಸಾಧು ಸಾಲಿನಲ್ಲಿ ಬಿಳಿ ಮಚ್ಚೆಗಳು ಹೆಚ್ಚಿದವು. ಸಾಧುಗುಣಕ್ಕೂ ಮಚ್ಚೆಗೂ ಒಂದೇ ಬೇರು ಎಂದು ಬಹಳ ಜನ ನಂಬಿದರು. 2009ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ವಿಜ್ಞಾನಿಗಳು ಈ ಎರಡು ಸಾಲುಗಳನ್ನು ಕೂಡಿಸಿ, ನೂರಾರು ಮೊಮ್ಮಕ್ಕಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮಚ್ಚೆ ತರುವ ಜೀನಿನ ಜಾಗವೇ ಬೇರೆ, ಗುಣ ತರುವ ಜಾಗಗಳೇ ಬೇರೆ ಎಂದು ತಿಳಿಯಿತು. ಎರಡೂ ಜೊತೆಯಾಗಿ ನಡೆದು ಬಂದವು, ಅಷ್ಟೆ. ಕಪ್ಪು ಇಲಿ ಸಾಧು, ಬಿಳಿ ಇಲಿ ಮಂದ ಎಂದು ಹೇಳಿ ಮಾರುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಕೈಯಿಟ್ಟೇ ನೋಡಬೇಕು.

ಬಣ್ಣಕ್ಕೂ ಆರೋಗ್ಯಕ್ಕೂ ಮಾತ್ರ ಒಂದು ಕಡೆ ನಿಜವಾದ ನಂಟಿದೆ. ಹಣೆಯ ಮೇಲೆ ಬಿಳಿ ನಾಮ ಎಳೆದ ಹಾಗಿರುವ, ಮೈಯ ಬಹುಭಾಗ ಬೆಳ್ಳಗಿರುವ ಮಚ್ಚೆಯ ಇಲಿಗಳನ್ನು ಜನ ಮುದ್ದಾಗಿವೆ ಎಂದು ಕೊಳ್ಳುತ್ತಾರೆ. ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನುಹುರಿಯ ಅಂಚಿನಿಂದ ಹೊರಟು ಮೈಯೆಲ್ಲ ಹರಡಬೇಕು. ಕರುಳನ್ನು ಅಲುಗಾಡಿಸುವ ನರಕೋಶಗಳೂ ಅದೇ ಅಂಚಿನಿಂದ ಹೊರಡುತ್ತವೆ. ಈ ಪ್ರಯಾಣಕ್ಕೆ ಬೇಕಾದ ಜೀನು ಕೆಟ್ಟರೆ ಮೈಗೆ ಬಣ್ಣ ತಲುಪುವುದಿಲ್ಲ, ಕರುಳಿನ ತುದಿಗೆ ನರವೂ ತಲುಪುವುದಿಲ್ಲ. 1979ರಲ್ಲಿ ಜಪಾನಿನಲ್ಲಿ ವರದಿಯಾದ ಒಂದು ತಳಿಯಲ್ಲಿ ಹೀಗೇ ಆಯಿತು. ಕೆಟ್ಟ ಜೀನು ಯಾವುದೆಂದು 1995ರಲ್ಲಿ ಗೊತ್ತಾಯಿತು. ಮರಿ ಹಾಲು ಕುಡಿಯುವಷ್ಟು ದಿನ ಚೆನ್ನಾಗಿಯೇ ಇರುತ್ತದೆ. ಮೂರನೆಯ ವಾರದ ಹೊತ್ತಿಗೆ ಹೊಟ್ಟೆ ಉಬ್ಬಿ, ಮಲ ಕಟ್ಟಿ, ನರಳಿ ಸಾಯುತ್ತದೆ. ಬಿಳಿ ನಾಮದ ಇಲಿಗಳೆಲ್ಲ ಹೀಗೆ ಸಾಯುವುದಿಲ್ಲ. ಆದರೆ ಅಂಥವುಗಳ ಕೆಲವು ಕುಲಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡಿದೆ. ಕುಲದ ವಿವರ ಕೇಳದೆ ಮರಿ ಮಾಡಿಸುವವರು ಅದನ್ನು ಹರಡುತ್ತಾರೆ. ಬಾಲವಿಲ್ಲದ ಇಲಿ, ರೋಮವಿಲ್ಲದ ಇಲಿ ಎಂಬ ಹುಚ್ಚೂ ಉಂಟು. ಬಾಲದಿಂದಲೇ ಮೈಯ ಬಿಸಿ ಹೊರಹಾಕಿ ಸಮತೋಲ ಕಾಯ್ದುಕೊಳ್ಳುವ ಪ್ರಾಣಿಯ ಬಾಲ ತೆಗೆದು ಚಂದ ನೋಡುವವರ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಇಂಗ್ಲೆಂಡು, ಅಮೆರಿಕಗಳ ಒಳ್ಳೆಯ ಹವ್ಯಾಸಿಗಳು ಇದಕ್ಕೆಲ್ಲ ಒಂದು ಉಪಾಯ ಕಂಡುಕೊಂಡಿದ್ದಾರೆ. ಹೆಣ್ಣಿಲಿ ಒಂದೂವರೆ ವರ್ಷಕ್ಕೆ ಮರಿ ಹಾಕುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ, ಅದಕ್ಕಾಗಿ ಕಾದು ಕೂರುವಂತಿಲ್ಲ. ಗಂಡು ಹಾಗಲ್ಲ, ಎರಡು ವರ್ಷದ ಆಸುಪಾಸಿನಲ್ಲೂ ಅದಕ್ಕೆ ಮರಿಯಾಗುವುದುಂಟು. ಆದ್ದರಿಂದ ಗಡ್ಡೆಯಿಲ್ಲದೆ, ಉಸಿರಿನ ಗೊರಗೊರವಿಲ್ಲದೆ, ಹಿಂಗಾಲು ಸೋಲದೆ, ಕೈಯಿಟ್ಟರೆ ಈಗಲೂ ಹತ್ತಿರ ಬರುವ ಮುದಿ ಗಂಡನ್ನು ಆರಿಸಿ ಎಳೆಯ ಹೆಣ್ಣಿಗೆ ಕೂಡಿಸುತ್ತಾರೆ. ಅದರ ಬಣ್ಣ ಸಾಧಾರಣವಾಗಿದ್ದರೂ ಸರಿ. ಪ್ರತಿ ಕುಲಕ್ಕೂ ಒಂದು ಲೆಕ್ಕದ ಪುಸ್ತಕ. ಅದರಲ್ಲಿ ಹುಟ್ಟಿದ ದಿನದ ಪಕ್ಕದಲ್ಲೇ ಸತ್ತ ದಿನ, ಸತ್ತ ಕಾರಣ. ಕೆಲವರು ಪಶುವೈದ್ಯರಿಂದ ಶವಪರೀಕ್ಷೆಯನ್ನೂ ಮಾಡಿಸಿ ಬರೆದಿಡುತ್ತಾರೆ. ಮರಿಗಳನ್ನು ಬೇರೆಯವರಿಗೆ ಕೊಟ್ಟ ಮೇಲೂ ಕಾಗದ ಬರೆದು, ಫೋನು ಮಾಡಿ ವಿಚಾರಿಸುತ್ತಾರೆ. ಆ ಮುದಿ ಗಂಡಿನ ಆಯ್ಕೆ ಸರಿಯಿತ್ತೋ ಇಲ್ಲವೋ ಎಂದು ತಿಳಿಯಲು ಇನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಪುಸ್ತಕದಲ್ಲಿ ಅದರ ಹೆಸರಿನ ಕೆಳಗೆ ಮೂರು ನಾಲ್ಕು ತಲೆಮಾರಿನ ಹೆಸರುಗಳು ಬಂದಿರುತ್ತವೆ. ಸತ್ತ ಕಾರಣದ ಕಲಮು ಅವಕ್ಕೆಲ್ಲ ಇನ್ನೂ ಖಾಲಿ.